ಗ್ರ್ಯಾಂಡ್ ಕ್ಯಾನ್ಯನ್‌ಗೆ ನಾಯಿ ಜೊತೆ ಹೊರಟಿದ್ದೀರಾ?

ನಮ್ಮ ಜೋನಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನ ಪ್ರಾಣಿ ಆಶ್ರಯ ಕೇಂದ್ರವೊಂದರಿಂದ ಬಂದ ನಾಯಿ. ತಳಿ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಬಣ್ಣ ಮಾತ್ರ ನಮ್ಮೂರ ಜೋನಿಬೆಲ್ಲದ್ದು, ಹೆಸರು ಬಂದದ್ದೂ ಅಲ್ಲಿಂದಲೇ. ಮೊದಲ ಸಲ ಅವನನ್ನು ಅದೇ ರಾಜ್ಯದ ದೊಡ್ಡ ಕಣಿವೆ ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರೆದುಕೊಂಡು ಹೋದಾಗ ನಮ್ಮ ಅರ್ಧ ದಿನ ಹಾಳಾಯಿತು. ಪಾರ್ಕಿನ ಶಟಲ್ ಬಸ್ಸಿಗೆ ನಾಯಿಯನ್ನು ಹತ್ತಿಸುವ ಹಾಗಿಲ್ಲ ಅಂತ ನಮಗೆ ಗೊತ್ತಾಗಿದ್ದು ಬಸ್ಸಿನ ಸಾಲಿನಲ್ಲಿ ನಿಂತ ಮೇಲೆ! ಆಮೇಲೆ ಮೂರು ಸಲ ಹೋಗಿದ್ದೇವೆ, ಮೂರೂ ಸಲ ಚೆನ್ನಾಗಿಯೇ ಆಯಿತು.

ನಾಯಿ ಜೊತೆ ಹೋದರೆ ಅದು ಕಣಿವೆಯ ಅಂಚಿನ ಮೇಲಿನ ಪ್ರವಾಸ. ಕೆಳಗೆ ಇಳಿಯುವ ಪ್ರವಾಸ ಅಲ್ಲ. ಇದನ್ನು ಮನೆಯಲ್ಲೇ ಒಪ್ಪಿಕೊಂಡು ಹೊರಟರೆ ಉಳಿದದ್ದೆಲ್ಲ ಸುಲಭ. ಕೆಳಗೆ ಸ್ವಲ್ಪವಾದರೂ ಇಳಿಯಲೇಬೇಕು ಅಂತಿದ್ದರೆ ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಮೊದಲು, ಯಾವ ಪಾರ್ಕ್ ಅಂತ ನೋಡಿಕೊಳ್ಳಿ

ಅಮೆರಿಕದಲ್ಲಿ 63 ನ್ಯಾಷನಲ್ ಪಾರ್ಕ್‌ಗಳಿವೆ. ನಾಯಿಯ ಹಗ್ಗ 6 ಅಡಿಗಿಂತ ಉದ್ದ ಇರಬಾರದು, ಅದನ್ನು ಎಲ್ಲೋ ಕಟ್ಟಿಹಾಕಿ ನೀವು ಹೋಗಬಾರದು, ಅದರ ಕಕ್ಕ ನೀವೇ ಎತ್ತಬೇಕು. ಇಷ್ಟು ಎಲ್ಲ ಕಡೆಯೂ ಒಂದೇ. ಇದರ ಮೇಲೆ ಒಂದೊಂದು ಪಾರ್ಕಿನದು ಒಂದೊಂದು ಕಟ್ಟಲೆ. ಮೇನ್ ರಾಜ್ಯದ ಅಕೇಡಿಯಾದಲ್ಲಿ ಸುಮಾರು 100 ಮೈಲಿ ಕಾಲುದಾರಿ, 45 ಮೈಲಿ ಹಳೇ ಸಾರೋಟು ರಸ್ತೆ ನಾಯಿಗೆ ತೆರೆದಿದೆ. ವರ್ಜೀನಿಯಾದ ಶೆನಂಡೋವಾದಲ್ಲಿ 500 ಮೈಲಿ ಕಾಲುದಾರಿಗಳಲ್ಲಿ ಸುಮಾರು 20 ಮೈಲಿ ಬಿಟ್ಟು ಉಳಿದದ್ದೆಲ್ಲ ಸರಿ. ಅದೇ ಝಯಾನ್‌ಗೆ ಹೋದರೆ ಪಾರೂಸ್ ಅನ್ನುವ ಒಂದೇ ಒಂದು ದಾರಿ. ಯೊಸೆಮಿಟಿಯಲ್ಲಿ ಹೆಚ್ಚುಕಮ್ಮಿ ಕಣಿವೆಯ ಡಾಂಬರು ದಾರಿಗಳಷ್ಟೇ. ಆರ್ಚಸ್‌ನಲ್ಲಿ ಯಾವ ಕಾಲುದಾರಿಗೂ ನಾಯಿ ಬರುವಂತಿಲ್ಲ.

ಯೆಲ್ಲೋಸ್ಟೋನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡ್‌ಗಳಿಂದ 100 ಅಡಿ ದಾಟಿ ನಾಯಿಯನ್ನು ಕರೆದೊಯ್ಯುವಂತಿಲ್ಲ. ಬಿಸಿನೀರಿನ ಬುಗ್ಗೆಗಳ ಸುತ್ತಲಿನ ಮರದ ಹಲಗೆ ದಾರಿಗಳಂತೂ ಪೂರ್ತಿ ನಿಷಿದ್ಧ. 1981ರ ಜುಲೈನಲ್ಲಿ ನಿಲ್ಲಿಸಿದ್ದ ವಾಹನದಿಂದ ತಪ್ಪಿಸಿಕೊಂಡ ನಾಯಿಯೊಂದು ಕುದಿಯುವ ಕೊಳಕ್ಕೆ ಹಾರಿತ್ತು. ಅದನ್ನು ಉಳಿಸಲು 24 ವರ್ಷದ ಯುವಕನೊಬ್ಬ ತಲೆ ಮುಂದಾಗಿ ಧುಮುಕಿದ. ನೀರಿನ ಬಿಸಿ 94 ಡಿಗ್ರಿ ಸೆಲ್ಸಿಯಸ್. ನಾಯಿಯೂ ಉಳಿಯಲಿಲ್ಲ, ಅವನೂ ಮರುದಿನ ತೀರಿಕೊಂಡ. ಅಲ್ಲಿಗೆ ಹೋಗುವುದಾದರೆ ನಾಯಿಯನ್ನು ಮನೆಯಲ್ಲೋ ನಂಬಿಕೆಯವರ ಹತ್ತಿರವೋ ಬಿಟ್ಟು ಹೋಗಿ ಅಂತಲೇ ನನ್ನ ಸಲಹೆ.

ಗ್ರ್ಯಾಂಡ್ ಕ್ಯಾನ್ಯನ್ ಈ ಉದಾರ ಪಾರ್ಕ್‌ಗಳಿಗೂ ಬಿಗಿ ಪಾರ್ಕ್‌ಗಳಿಗೂ ನಡುವಿನದು. ದಕ್ಷಿಣದ ಅಂಚಿನಲ್ಲಿ, ಅಂದರೆ ಸೌತ್ ರಿಮ್‌ನಲ್ಲಿ, ಅಂಚಿನ ಮೇಲಿರುವ ದಾರಿಗಳಲ್ಲಿ ನಾಯಿ ಬರಬಹುದು. ಅಂಚಿನಿಂದ ಒಂದು ಹೆಜ್ಜೆ ಕೆಳಗೆ ಇಳಿಯುವ ಹಾಗಿಲ್ಲ. ನಾರ್ತ್ ರಿಮ್ ಈ ಲೇಖನದಲ್ಲಿ ಇಲ್ಲ. 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಅಲ್ಲಿನ ಹಳೇ ಲಾಡ್ಜ್ ಸುಟ್ಟುಹೋಯಿತು. ಅದಿಲ್ಲದಿದ್ದರೂ ಆ ಕಡೆ ನಾಯಿಗೆ ಅವಕಾಶ ತೀರಾ ಕಡಿಮೆ. ಇನ್ನು ಗಾಜಿನ ಸೇತುವೆ ನೋಡಬೇಕು ಅಂತ ಊರಿಂದ ಬಂದವರೆಲ್ಲ ಕೇಳುತ್ತಾರಲ್ಲ, ಆ ಸ್ಕೈವಾಕ್ ಇರುವುದು ನ್ಯಾಷನಲ್ ಪಾರ್ಕಿನಲ್ಲೇ ಅಲ್ಲ. ಅದು ವಾಲಪಾಯ್ ಅನ್ನುವ ಮೂಲನಿವಾಸಿ ಜನರ ನೆಲ. ಸೌತ್ ರಿಮ್‌ನಿಂದ ಗಂಟೆಗಟ್ಟಲೆ ದೂರ.

ಇನ್ನೊಂದು ಗೊಂದಲ: ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಸೌತ್ ರಿಮ್‌ಗೆ ಅಂಟಿಕೊಂಡೇ ಇರುವ ಕೈಬಾಬ್ ನ್ಯಾಷನಲ್ ಫಾರೆಸ್ಟ್‌ನಲ್ಲಿ ನಾಯಿಗೆ ಎಷ್ಟೋ ಹೆಚ್ಚು ಸ್ವಾತಂತ್ರ್ಯ. ಪಾಂಡರೋಸಾ ಪೈನ್ ಮರಗಳ ನೆರಳು, ಜನ ಕಡಿಮೆ. ಜೋನಿಯನ್ನು ಕೇಳಿದರೆ ಅವನ ಓಟು ಅದಕ್ಕೇ.

ಯಾಕಿಷ್ಟು ಕಟ್ಟುನಿಟ್ಟು?

"ನಮ್ಮ ನಾಯಿ ಯಾರಿಗೂ ಏನೂ ಮಾಡಲ್ಲ" ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಆದರೆ ನಾಯಿ ಕಚ್ಚುವುದೊಂದೇ ಇಲ್ಲಿ ಚಿಂತೆಯಲ್ಲ. ಅದರ ವಾಸನೆಗೇ ಸಣ್ಣ ಪ್ರಾಣಿಗಳು ಜಾಗ ಬಿಡುತ್ತವೆ. ರೋಗದ್ದು ಅದಕ್ಕಿಂತ ದೊಡ್ಡ ಚಿಂತೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯ ಮೂರರಲ್ಲೊಂದು ಪಾಲು ಸಿಂಹಗಳನ್ನು ಕೊಂದಿತ್ತು. 2018ರಲ್ಲಿ ನಮ್ಮ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ, ಪರೀಕ್ಷೆಯಲ್ಲಿ ಸಿಕ್ಕಿದ್ದರಲ್ಲಿ ಇದೇ ವೈರಸ್ಸೂ ಇತ್ತು. ಊರಲ್ಲಿ ಬಂಡೀಪುರ, ನಾಗರಹೊಳೆ ಸಫಾರಿಗೆ ಸಾಕುನಾಯಿಯನ್ನು ಬಿಡದಿರುವುದು ಸುಮ್ನೆ ಅಲ್ಲ. ಬಂಡೀಪುರದ ಕಾಡಲ್ಲಿ ರಾಜಮರ್ಯಾದೆಯಿಂದ ಓಡಾಡಿದ ನಾಯಿ ಅಂದರೆ ಅರಣ್ಯ ಇಲಾಖೆಯ ರಾಣಾ. ಜಾಡು ಹಿಡಿಯಲು ತರಬೇತಾದ ಜರ್ಮನ್ ಶೆಫರ್ಡ್. ಅವನದು ಡ್ಯೂಟಿ, ನಮ್ಮದು ಪಿಕ್‌ನಿಕ್ಕು.

ಹಾಗಾಗಿ ಹೊರಡುವ ಮೊದಲು ಲಸಿಕೆ ಎಲ್ಲ ಸರಿಯಾಗಿದೆಯಾ ನೋಡಿ. ರೇಬೀಸ್, ಡಿಸ್ಟೆಂಪರ್, ಪಾರ್ವೋ ಹಾಕಿಸಿದ ಕಾಗದದ ಫೋಟೋ ಫೋನಿನಲ್ಲಿರಲಿ, ಒಂದು ಪ್ರತಿ ಕಾರಿನಲ್ಲೂ ಇರಲಿ. ಅದು ಬೇಕಾಗುವ ಸಂದರ್ಭ ಮುಂದೆ ಬರುತ್ತದೆ.

ಯಾವಾಗ ಹೋಗೋದು, ಎಲ್ಲಿ ಉಳಿಯೋದು

ಏಪ್ರಿಲ್–ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನನ್ನ ಆಯ್ಕೆ ಅಕ್ಟೋಬರ್. ಸೌತ್ ರಿಮ್ ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ. ಫೀನಿಕ್ಸ್ ಒಲೆಯ ಹಾಗೆ ಕಾಯುತ್ತಿರುವಾಗಲೂ ಇಲ್ಲಿ ರಾತ್ರಿ ಸ್ವೆಟರ್ ಬೇಕು. ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬಯಲಿನ ಅಂಚಿನಲ್ಲಿ ಸಿಡಿಲಿಗೆ ಸಿಕ್ಕುವುದು ತಮಾಷೆಯಲ್ಲ, ಗುಡುಗಿಗೆ ಬೆದರುವ ನಾಯಿ ಕೈಯಲ್ಲಿದ್ದರಂತೂ ಬೇಡವೇ ಬೇಡ. ಚಳಿಗಾಲದಲ್ಲಿ ದಾರಿ ಮೇಲೆ ಹಿಮ ಗಟ್ಟಿಯಾಗಿ ಜಾರುತ್ತದೆ.

ಫೀನಿಕ್ಸ್‌ನಿಂದ ಸುಮಾರು 230 ಮೈಲಿ, ಮೂರೂವರೆಯಿಂದ ನಾಲ್ಕು ಗಂಟೆ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ಒಮ್ಮೆ ನಿಲ್ಲಿಸಿ ನಾಯಿಗೆ ನೀರು ಕೊಡಿ, ಕಾಲಾಡಿಸಿ. ಒಂದೇ ಬೆಳಿಗ್ಗೆ 1,100 ಅಡಿಯಿಂದ 7,000 ಅಡಿಗೆ ಹತ್ತುತ್ತೀರಿ. ನಮ್ಮ ಹಾಗೆ ನಾಯಿಗೂ ಮೊದಲ ದಿನ ಬೇಗ ಸುಸ್ತಾಗುತ್ತದೆ.

ಉಳಿಯಲು ಪಾರ್ಕಿನೊಳಗೆ ನಾಯಿಗೆ ಕೋಣೆ ಕೊಡುವ ಲಾಡ್ಜ್ ಯಾವಪಾಯ್ ಒಂದೇ. ಅಲ್ಲೂ ಎಲ್ಲ ಕೋಣೆಗಳಲ್ಲ. ಬುಕ್ ಮಾಡುವಾಗ ನಾಯಿ ಇದೆ ಅಂತ ಮೊದಲೇ ಹೇಳಿ, ಅದಕ್ಕೆ ಬೇರೆ ದುಡ್ಡು ಕೊಡಬೇಕಾಗುತ್ತದೆ. ಟೆಂಟ್ ಹಾಕುವವರಾದರೆ ಮ್ಯಾಥರ್ ಕ್ಯಾಂಪ್‌ಗ್ರೌಂಡ್ ಚೆನ್ನಾಗಿದೆ. ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಆರು ತಿಂಗಳು ಮೊದಲು ಬುಕಿಂಗ್ ತೆರೆಯುತ್ತದೆ, ವಾರಾಂತ್ಯಗಳು ಬಹಳ ಬೇಗ ಮುಗಿದುಹೋಗುತ್ತವೆ. ಎರಡೂ ಸಿಗದಿದ್ದರೆ ಬಾಗಿಲ ಹೊರಗಿನ ಟುಸಾಯನ್, ಅಥವಾ ಒಂದು ಗಂಟೆ ದೂರದ ವಿಲಿಯಮ್ಸ್.

ಪ್ರವೇಶ ಒಂದು ಕಾರಿಗೆ 35 ಡಾಲರ್, 7 ದಿನ ನಡೆಯುತ್ತದೆ. ನಾಯಿಗೆ ಟಿಕೆಟ್ಟಿಲ್ಲ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಒಂದು ವಿಷಯ ಗಮನಿಸಿ. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಗ್ರ್ಯಾಂಡ್ ಕ್ಯಾನ್ಯನ್ ಸೇರಿ 11 ಪಾರ್ಕ್‌ಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಹೊರಡುವ ಮುಂಚೆ ಪಾರ್ಕಿನ ಪುಟದಲ್ಲಿ ಇವತ್ತಿನ ದರ ನೋಡಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ಉದ್ದ ಬಿಟ್ಟುಕೊಳ್ಳುವ ಸುರುಳಿ ಲೀಶ್ ಮನೆಯಲ್ಲೇ ಇರಲಿ. 6 ಅಡಿಯ ಗಟ್ಟಿ ಹಗ್ಗ, ಕುತ್ತಿಗೆಯ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್. ಇದು ಯಾಕೆ ಅಂತ ನಾನು ಕಲಿತಿದ್ದು ಅಂಚಿನ ಮೇಲೆ ನಿಂತು ಕಣಿವೆ ನೋಡುವ ಮ್ಯಾಥರ್ ಪಾಯಿಂಟ್ ಹತ್ತಿರ. ಬೇಲಿಯಿಲ್ಲದ ಕಡೆ ಒಂದು ಅಳಿಲು ಬಂಡೆ ಮೇಲೆ ಓಡಿತು. ಜೋನಿ ಹಿಂದುಮುಂದು ನೋಡದೆ ಹಾರಿದ. ಹಗ್ಗ ಗಿಡ್ಡ ಇತ್ತು, ಹಾರ್ನೆಸ್ ಇತ್ತು, ಉಳಿದುಕೊಂಡೆವು. ನನ್ನ ಕೈ ನಡುಕ ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಈಗ ಅಂಚಿನ ಹತ್ತಿರ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತದೆ ಹಿಡಿಕೆಯೊಳಗೆ ಮಣಿಕಟ್ಟು ತೂರಿಸಿ ಹಿಡಿಯುತ್ತೇನೆ. ಸುತ್ತಿಕೊಂಡರೆ ಎಳೆದಾಗ ಬೆರಳು ಮುರಿಯುತ್ತದೆ.

ಆ ಅಳಿಲುಗಳ ಬಗ್ಗೆ ಇನ್ನೊಂದು ಮಾತು. ನೋಡಲು ಮುದ್ದು, ಆದರೆ ಕಚ್ಚುತ್ತವೆ. ಅವುಗಳ ಮೈಮೇಲಿನ ಚಿಗಟಗಳಿಂದ ಪ್ಲೇಗ್ ಬರುವ ಅಪಾಯವೂ ಇದೆ. ಹೊರಡುವ ಮೊದಲು ನಾಯಿಗೆ ಚಿಗಟ, ಉಣ್ಣೆ ತಡೆಯುವ ಔಷಧಿ ಹಾಕಿಸಿ.

ನೀರು ಜಾಸ್ತಿಯೇ ಇರಲಿ. ವಿಸಿಟರ್ ಸೆಂಟರ್‌ನಲ್ಲಿ ಬಾಟಲಿ ತುಂಬುವ ನಲ್ಲಿಗಳಿವೆ. ಆದರೆ ಕಣಿವೆಯ ಒಳಗಿನಿಂದ ಮೇಲಕ್ಕೆ ನೀರು ತರುವ ಪೈಪು 1960ರ ದಶಕದ್ದು, ಆಗಾಗ ಒಡೆಯುತ್ತದೆ. ಕಾರಿನಲ್ಲಿ ಒಂದು ಗ್ಯಾಲನ್ ಇಟ್ಟುಕೊಂಡರೆ ನಿಶ್ಚಿಂತೆ. ಮಡಚುವ ಬಟ್ಟಲು, ಕಕ್ಕ ಎತ್ತುವ ಚೀಲ ಬೇಕೆನ್ನಿಸಿದ್ದಕ್ಕಿಂತ ದುಪ್ಪಟ್ಟು, ಒಂದು ಹಳೇ ಟವೆಲ್, ಮುಳ್ಳು ಕೀಳಲು ಚಿಮಟ. ದಾರಿ ಪಕ್ಕದಲ್ಲೇ ಪಾಪಾಸುಕಳ್ಳಿ ಇರುತ್ತದೆ.

ಇನ್ನು ನಮ್ಮ ಬುತ್ತಿ. ನಾವು ಕನ್ನಡದವರು ಬುತ್ತಿ ಇಲ್ಲದೆ ಎಲ್ಲಿಗೆ ಹೋಗುತ್ತೇವೆ? ಈರುಳ್ಳಿ ಹಾಕಿದ ಚಿತ್ರಾನ್ನ, ಒಣದ್ರಾಕ್ಷಿ ಉದುರಿಸಿದ ಮೊಸರನ್ನ, ಬೆಳ್ಳುಳ್ಳಿ ಚಟ್ನಿಪುಡಿ ಯಾವುದೂ ನಾಯಿ ಬಾಯಿಗೆ ಹೋಗಬಾರದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ದ್ರಾಕ್ಷಿ, ಹಸಿಯಾಗಲಿ ಒಣಗಿದ್ದಾಗಲಿ, ಮೂತ್ರಪಿಂಡಕ್ಕೆ ವಿಷ. ನಮ್ಮ ಅಮ್ಮನಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ಒಂದು ತುತ್ತು ಕೊಟ್ರೆ ಏನಾಗುತ್ತೋ, ಆಸೆಯಿಂದ ನೋಡ್ತಾ ಇದೆ ಪಾಪ" ಅಂತ ಅವರು. ಕೊನೆಗೆ ದ್ರಾಕ್ಷಿ, ಒಗ್ಗರಣೆ ಎರಡೂ ಇಲ್ಲದ ಬರೀ ಮೊಸರನ್ನ ಒಂದು ಡಬ್ಬಿಯಲ್ಲಿ ಬೇರೆ ಕಟ್ಟಿದೆವು. ಎಲ್ಲರಿಗೂ ಸಮಾಧಾನ.

ಬೆಳಿಗ್ಗೆ: ರಿಮ್ ಟ್ರೇಲ್

ಎಂಟೂವರೆಯೊಳಗೆ ವಿಸಿಟರ್ ಸೆಂಟರ್ ಪಾರ್ಕಿಂಗ್ ತಲುಪಿ. ಸೀಸನ್ನಿನಲ್ಲಿ ಹತ್ತು ಗಂಟೆ ಹೊತ್ತಿಗೆ ಜಾಗ ಸಿಗುವುದು ಕಷ್ಟ. ನಾಯಿ ಇದ್ದರೆ ದೂರದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಬರುವ ದಾರಿಯೂ ಇಲ್ಲವಲ್ಲ.

ಅಲ್ಲಿಂದ ಐದೇ ನಿಮಿಷಕ್ಕೆ ಮ್ಯಾಥರ್ ಪಾಯಿಂಟ್. ಮೊದಲ ನೋಟಕ್ಕೆ ಎಲ್ಲರೂ ಅಲ್ಲೇ ಮುಗಿಬೀಳುತ್ತಾರೆ. ಕಬ್ಬಿಣದ ಸರಳುಗಳ ಹಿಂದೆ ಫೋಟೋ ಹೊಡೆಯುವ ಗದ್ದಲ. ನಾಯಿಗೆ ಅಲ್ಲಿ ಹಿಂಸೆ. ಒಬ್ಬೊಬ್ಬರಾಗಿ ಹೋಗಿ ನೋಡಿಬನ್ನಿ, ಇನ್ನೊಬ್ಬರು ನಾಯಿ ಹಿಡಿದು ಹಿಂದೆ ನಿಲ್ಲಲಿ. ಆಮೇಲೆ ಎಡಕ್ಕೆ, ಪಶ್ಚಿಮಕ್ಕೆ ತಿರುಗಿ ನಡೆಯುತ್ತಾ ಹೋಗಿ. ಅರ್ಧ ಮೈಲಿ ದಾಟಿದರೆ ಜನ ಕಡಿಮೆಯಾಗುತ್ತಾರೆ.

ಅಂಚಿನುದ್ದಕ್ಕೂ ಸಾಗುವ ಈ ರಿಮ್ ಟ್ರೇಲ್ ಒಟ್ಟು ಸುಮಾರು 13 ಮೈಲಿ. ಪೂರ್ತಿ ನಡೆಯುವ ಹಟ ಬೇಡ. ನಾಯಿ ಜೊತೆ ನಡೆಯಲು ನನ್ನ ಮೆಚ್ಚಿನ ತುಂಡು ಮ್ಯಾಥರ್ ಪಾಯಿಂಟ್‌ನಿಂದ ಯಾವಪಾಯ್ ಭೂವಿಜ್ಞಾನ ಮ್ಯೂಸಿಯಂ ದಾಟಿ ಪಾರ್ಕಿನೊಳಗಿನ ಗ್ರ್ಯಾಂಡ್ ಕ್ಯಾನ್ಯನ್ ಹಳ್ಳಿಯವರೆಗೆ, ಎರಡು ಮೈಲಿಗಿಂತ ಸ್ವಲ್ಪ ಜಾಸ್ತಿ. ಸಮತಟ್ಟು, ಕಾಲಿಗೆ ಹಿತ, ಅಲ್ಲಲ್ಲಿ ಪಿನ್ಯಾನ್ ಪೈನ್ ಮತ್ತು ಜೂನಿಪರ್ ನೆರಳು. ಕಟ್ಟಡಗಳ ಒಳಗೆ ನಾಯಿಗೆ ಪ್ರವೇಶ ಇಲ್ಲ. ಮ್ಯೂಸಿಯಂ, ಅಂಗಡಿ, ಶೌಚಾಲಯ ಎಲ್ಲದಕ್ಕೂ ಪಾಳಿ ಮಾಡಿಕೊಳ್ಳಬೇಕು. ಒಬ್ಬರೇ ನಾಯಿ ಜೊತೆ ಬಂದರೆ ಇದು ನಿಜಕ್ಕೂ ಕಷ್ಟ, ಮೊದಲೇ ಯೋಚಿಸಿ.

ಮ್ಯೂಸಿಯಂನಿಂದ ಮುಂದೆ ಕಾಲದ ದಾರಿ ಶುರುವಾಗುತ್ತದೆ. ನೆಲದಲ್ಲಿ ಕಂಚಿನ ಗುರುತುಗಳು. ಒಂದು ಮೀಟರಿಗೆ ಹತ್ತು ಲಕ್ಷ ವರ್ಷ. ನಡೆದಷ್ಟೂ ಹಿಂದಿನ ಕಾಲಕ್ಕೆ ಹೋಗುತ್ತೀರಿ, ಪಕ್ಕದಲ್ಲಿ ಆಯಾ ಕಾಲದ ಕಲ್ಲುಗಳನ್ನು ಮುಟ್ಟಿ ನೋಡಲು ಇಟ್ಟಿದ್ದಾರೆ. 170 ಕೋಟಿ ವರ್ಷಕ್ಕೂ ಹಳೆಯ ಕಪ್ಪು ಶಿಲೆಗೆ ಭೂವಿಜ್ಞಾನಿಗಳು ಇಟ್ಟ ಹೆಸರು ವಿಷ್ಣು ಶಿಸ್ಟ್. 1880ರ ಹೊತ್ತಿಗೆ ಇಲ್ಲಿ ಸರ್ವೇ ಮಾಡಿದ ಕ್ಲಾರೆನ್ಸ್ ಡಟನ್‌ಗೆ ಪೂರ್ವ ದೇಶಗಳ ದೇವಾಲಯಗಳ ಹುಚ್ಚು. ಕಣಿವೆಯೊಳಗಿನ ಶಿಖರಗಳಿಗೆ ವಿಷ್ಣು ದೇವಾಲಯ, ಬ್ರಹ್ಮ ದೇವಾಲಯ, ಶಿವ ದೇವಾಲಯ ಅನ್ನುವಂಥ ಹೆಸರುಗಳು ಬಂದದ್ದು ಹಾಗೆ. ಇದನ್ನೆಲ್ಲ ಅಮ್ಮನಿಗೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಜೋನಿ ಆ ಸಾಲಿನ ಒಂದು ಕಲ್ಲಿನ ಪಕ್ಕ ಹೋಗಿ ಹಿಂಗಾಲೆತ್ತಲು ಅಣಿಯಾದ. "ಅಯ್ಯೋ ಮಾರಾಯ, ಎಳ್ಕೊ ಅದನ್ನ ಆ ಕಡೆ, ದೇವ್ರ ಹೆಸರಿನ ಕಲ್ಲಂತೆ!" ಅಂತ ಅಮ್ಮ ಕೂಗಿದ್ದು ಕಣಿವೆಯ ಆಚೆ ದಡಕ್ಕೂ ಕೇಳಿಸಿರಬೇಕು. ಹೊರಡುವ ಮುಂಚೆ ಪಾರ್ಕಿಂಗ್ ಪಕ್ಕದ ಮರಗಳ ಹತ್ತಿರವೇ ನಾಯಿಯ ಆ ಕೆಲಸ ಮುಗಿಸಿ.

ಹಳ್ಳಿಯಿಂದ ಪಶ್ಚಿಮಕ್ಕೆ ಹರ್ಮಿಟ್ ರೋಡ್ ಕಡೆ ದಾರಿ ಕೆಲವೆಡೆ ಮಣ್ಣಿನದು, ಇಕ್ಕಟ್ಟು, ಬೇಲಿ ಇಲ್ಲ. ಮಾರ್ಚ್‌ನಿಂದ ನವೆಂಬರ್‌ವರೆಗೆ ಆ ರಸ್ತೆಯಲ್ಲಿ ಸ್ವಂತ ಕಾರು ಬಿಡುವುದಿಲ್ಲ, ಬಸ್ಸು ಮಾತ್ರ. ಅಂದರೆ ನಾಯಿ ಜೊತೆ ಎಷ್ಟು ದೂರ ಹೋದಿರೋ ಅಷ್ಟೂ ವಾಪಸ್ ನಡೆಯಬೇಕು. ನಮ್ಮ ಮೊದಲ ಸಲದ ಎಡವಟ್ಟು ಇದೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾರು ಹೋಗುತ್ತದೆ, ಚಳಿ ತಡೆಯುವವರಿಗೆ ಅದು ಒಳ್ಳೇ ಕಾಲ.

ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಹಳ್ಳಿಯ ಹುಲ್ಲಿನಲ್ಲೇ ಮೇಯುತ್ತಿರುತ್ತವೆ. ಹಸುವಿನ ಹಾಗೆ ಸಾಧು ಅಂದುಕೊಳ್ಳಬೇಡಿ. ಕನಿಷ್ಠ 100 ಅಡಿ ದೂರ ಇರಿ. ಸೆಪ್ಟೆಂಬರ್–ಅಕ್ಟೋಬರ್ ಗಂಡುಗಳಿಗೆ ಬೆದೆಯ ಕಾಲ. ಬೇಸಿಗೆಯ ಶುರುವಿನಲ್ಲಿ ಮರಿ ಇರುವ ತಾಯಿಗಳು ನಾಯಿಯನ್ನು ಕಂಡರೆ ತೋಳ ಅಂತಲೇ ತಿಳಿದು ಎರಗುತ್ತವೆ. ಕಣಿವೆಗೆ ಇಳಿಯುವ ಬ್ರೈಟ್ ಏಂಜೆಲ್ ದಾರಿಯ ಬಾಯಿಯ ಹತ್ತಿರ ಹೇಸರಗತ್ತೆಗಳ ಸಾಲು ಬಂದರೆ ಪಕ್ಕಕ್ಕೆ ಸರಿದು ನಾಯಿಯನ್ನು ಕೂರಿಸಿ. ಒಂದು ಬೊಗಳು ಸಾಕು, ಮೇಲೆ ಕೂತವರ ಗತಿ ನೆನೆಯಿರಿ.

ಕೆಳಗೆ ಇಳಿಯುವ ಆಸೆ ಇದ್ದರೆ

ಎರಡು ದಾರಿ. ಒಂದು, ಪಾಳಿ. ಒಬ್ಬರು ಶಟಲ್ ಹಿಡಿದು ಸೌತ್ ಕೈಬಾಬ್ ದಾರಿಗೆ ಹೋಗಿ ಊ ಆ ಪಾಯಿಂಟ್‌ವರೆಗೆ ಇಳಿದು ಬರುವುದು. ಹೋಗಲು 0.9 ಮೈಲಿ, ಹತ್ತಿ ಬರಲು ಅಷ್ಟೇ, ಒಟ್ಟು ಸುಮಾರು ಎರಡು ಗಂಟೆ. ಇನ್ನೊಬ್ಬರು ನಾಯಿ ಜೊತೆ ಅಂಚಿನ ಮೇಲೆ ನೆರಳಲ್ಲಿ. ಮರುದಿನ ಅದಲುಬದಲು. ಎರಡನೆಯದು, ಸೌತ್ ರಿಮ್‌ನ ಕೆನಲ್. ಹೌದು, ಪಾರ್ಕಿನೊಳಗೇ ನಾಯಿ ಬಿಟ್ಟುಹೋಗುವ ಜಾಗ ಇದೆ. ಲಸಿಕೆಯ ಕಾಗದ ಕೇಳುವುದು ಇಲ್ಲೇ. ಫೋನ್ ಮಾಡಿ ಮೊದಲೇ ಜಾಗ ಹಿಡಿಯಿರಿ, ಎಷ್ಟು ಗಂಟೆಗೆ ಮುಚ್ಚುತ್ತಾರೆ ಅಂತ ಕೇಳಿಕೊಳ್ಳಿ. ಹತ್ತುವುದಕ್ಕೆ ಇಳಿದದ್ದರ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಆ ಲೆಕ್ಕ ತಪ್ಪಿದರೆ ನಾಯಿ ಅಲ್ಲಿ ಕಾಯುತ್ತಿರುತ್ತದೆ.

ಮೂರನೇ ದಾರಿ ಅಂತ ಕೆಲವರು ಮಾಡುವುದು ನಾಯಿಯನ್ನು ಕಾರಿನಲ್ಲಿ ಬಿಟ್ಟು ಹೋಗುವುದು. ಬೇಡ. ಹೊರಗೆ 21 ಡಿಗ್ರಿ ಸೆಲ್ಸಿಯಸ್ ಅನ್ನುವ ಹಿತವಾದ ದಿನದಲ್ಲೂ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ ಸುಮಾರು 40 ಡಿಗ್ರಿಗೆ ಏರುತ್ತದೆ. ಕಿಟಕಿ ಎರಡು ಬೆರಳು ಇಳಿಸಿದರೆ ಏನೂ ಪ್ರಯೋಜನವಿಲ್ಲ.

"ಎಮೋಷನಲ್ ಸಪೋರ್ಟ್ ಅಂತ ಕಾಗದ ಮಾಡಿಸಿದ್ರೆ ಬಿಡ್ತಾರಂತೆ" ಅಂತ ಗೆಳೆಯರೊಬ್ಬರು ಹೇಳಿದ್ದರು, ಅಂದರೆ ಮನಸ್ಸಿಗೆ ಆಸರೆಯ ನಾಯಿ ಅನ್ನುವ ಕಾಗದ. ಬಿಡುವುದಿಲ್ಲ. ಅಂಗವಿಕಲರಿಗಾಗಿ ನಿರ್ದಿಷ್ಟ ಕೆಲಸಕ್ಕೆ ತರಬೇತಾದ ಸರ್ವಿಸ್ ನಾಯಿಗಳಿಗೆ ಮಾತ್ರ ಆ ವಿನಾಯಿತಿ.

ಮಧ್ಯಾಹ್ನ, ಸಂಜೆ

ಹನ್ನೊಂದರ ಮೇಲೆ ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ. ಏಳು ಸೆಕೆಂಡು ತಡೆಯಲಾಗದಿದ್ದರೆ ನಾಯಿಯ ಅಂಗಾಲಿಗೂ ಆಗುವುದಿಲ್ಲ. ಆಗ ಕಾರು ಹತ್ತಿ ಡೆಸರ್ಟ್ ವ್ಯೂ ಕಡೆ ಹೊರಡಿ. ಸುಮಾರು 23 ಮೈಲಿ ರಸ್ತೆ, ವರ್ಷವಿಡೀ ಸ್ವಂತ ಕಾರಿಗೆ ತೆರೆದಿರುತ್ತದೆ. ನಾಯಿ ಇರುವವರಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಗ್ರ್ಯಾಂಡ್‌ವ್ಯೂ, ಮೊರಾನ್, ಲಿಪಾನ್ ಅಂತ ಒಂದೊಂದು ಕಡೆ ಇಳಿದು ಹತ್ತು ನಿಮಿಷ ನಿಂತು ಮುಂದೆ ಹೋಗಬಹುದು. ಲಿಪಾನ್‌ನಿಂದ ಕೊಲರಾಡೊ ನದಿ ಚೆನ್ನಾಗಿ ಕಾಣುತ್ತದೆ. ಕೊನೆಯಲ್ಲಿ ಮೇರಿ ಕೋಲ್ಟರ್ ವಿನ್ಯಾಸದ, 1932ರ ಕಲ್ಲಿನ ಗೋಪುರ. ಮೇಲೆ ನೋಡುತ್ತಿರಿ, ದೊಡ್ಡ ರೆಕ್ಕೆಯ ಕಾಂಡರ್ ರಣಹದ್ದು ಕಂಡರೂ ಕಾಣಬಹುದು. 1980ರ ದಶಕದ ಶುರುವಿನಲ್ಲಿ ಇಡೀ ಜಗತ್ತಿನಲ್ಲಿ 22 ಉಳಿದಿದ್ದವು. ಅರಿಜೋನಾದಲ್ಲಿ ಮತ್ತೆ ಹಾರಬಿಟ್ಟದ್ದು 1996ರಲ್ಲಿ.

ಮಕ್ಕಳಿದ್ದರೆ ವಿಸಿಟರ್ ಸೆಂಟರ್‌ನಲ್ಲಿ ನಾಯಿಗಳಿಗಾಗಿ ಇರುವ ಬಾರ್ಕ್ ರೇಂಜರ್ ಕಾರ್ಯಕ್ರಮದ ಬಗ್ಗೆ ಕೇಳಿ. ಕಕ್ಕ ಎತ್ತುತ್ತೇನೆ, ಹಗ್ಗ ಬಿಡುವುದಿಲ್ಲ, ಕಾಡುಪ್ರಾಣಿಗಳಿಗೆ ಮರ್ಯಾದೆ ಕೊಡುತ್ತೇನೆ, ಎಲ್ಲಿ ಹೋಗಬಹುದು ತಿಳಿದು ಹೋಗುತ್ತೇನೆ ಅಂತ ನಾಲ್ಕು ಮಾತು ಕೊಡಬೇಕು. ನಾಯಿಯ ಕೊರಳಿಗೆ ಕಟ್ಟುವ ಬಿಲ್ಲೆಯೂ ಸಿಗುತ್ತದೆ. ಜೋನಿ ಅದನ್ನು ಎರಡೇ ದಿನದಲ್ಲಿ ಜಗಿದು ಹಾಕಿದ.

ಸೂರ್ಯ ಮುಳುಗಿದ ಮೇಲೆ ಹೊರಡುವುದಾದರೆ 64ನೇ ಹೆದ್ದಾರಿಯಲ್ಲಿ ನಿಧಾನ. ಕತ್ತಲಲ್ಲಿ ಎಲ್ಕ್‌ಗಳು ರಸ್ತೆಗೆ ಬರುತ್ತವೆ. ಕಾರು ಹತ್ತಿಸುವ ಮುಂಚೆ ನಾಯಿಯ ನಾಲ್ಕೂ ಪಾದ ಎತ್ತಿ, ಬೆರಳ ಸಂದಿಯಲ್ಲಿ ಮುಳ್ಳು, ಬಿರುಕು ಇದೆಯಾ ನೋಡಿ. ಕಿವಿ ಹಿಂದೆ, ಕಂಕುಳಲ್ಲಿ ಉಣ್ಣೆ ಹುಡುಕಿ. ರಾತ್ರಿ ಏನಾದರೂ ಆದರೆ ದೊಡ್ಡ ಪಶು ಆಸ್ಪತ್ರೆ ಇರುವುದು 80 ಮೈಲಿ ದೂರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ. ಅದರ ನಂಬರನ್ನು ಮನೆ ಬಿಡುವ ಮೊದಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ, ಪಾರ್ಕಿನ ಬಹಳ ಕಡೆ ಸಿಗ್ನಲ್ ಸಿಗುವುದಿಲ್ಲ.